ಮೈಕಾವಿನ ಮೂಲ ಹುಡುಕಿದ ಕಥೆ

ಮುಟ್ಟು ನಿಲ್ಲುವುದಕ್ಕೆ ವೈದ್ಯಶಾಸ್ತ್ರ ಹೆಸರಿಟ್ಟದ್ದೇ ತಡವಾಗಿ. ಇಂದಿನ ಮೆನೋಪಾಸ್ ಪದ ಫ್ರಾನ್ಸಿನ ವೈದ್ಯ ಶಾರ್ಲ್ ದ ಗಾರ್ದಾನ್ ಅವರ 1821ರ ಬಳಕೆಯಿಂದ ಬಂದದ್ದು. ಹೆಸರಿಗೂ ಮುಂಚೆಯೇ ಹೆಂಗಸರಿಗೆ ಅದರ ಲಕ್ಷಣ ಗೊತ್ತಿತ್ತು: ಸುಮ್ಮನೆ ಕೂತಿದ್ದಾಗ ಎದೆಯಿಂದ ಕಾವೆದ್ದು ಕತ್ತು, ಮುಖಕ್ಕೆ ಏರುತ್ತದೆ, ಬೆವರು ಕಿತ್ತುಕೊಂಡು ಬರುತ್ತದೆ, ಕೆಲವೇ ನಿಮಿಷಗಳಲ್ಲಿ ಇಳಿದು ಮೈ ಚಳಿಗುಟ್ಟುತ್ತದೆ. ಹತ್ತೊಂಬತ್ತನೆಯ ಶತಮಾನದ ವೈದ್ಯರು ಇದಕ್ಕೆ ಮೈಯಲ್ಲೇ ಉಳಿದ ರಕ್ತವನ್ನೋ ದುರ್ಬಲ ನರಗಳನ್ನೋ ದೂರಿದರು, ಜಿಗಣೆ ಹಚ್ಚಿದರು.

1929ರಲ್ಲಿ ಅಂಡಾಶಯದ ಹಾರ್ಮೋನಾದ ಈಸ್ಟ್ರೋಜನ್ ಕೈಗೆ ಸಿಕ್ಕಿತು. 1942ರಲ್ಲಿ ಗಬ್ಬದ ಕುದುರೆಯ ಮೂತ್ರದಿಂದ ತೆಗೆದ ಪ್ರೀಮರಿನ್ ಮಾತ್ರೆ ಅಮೆರಿಕದ ಮಾರುಕಟ್ಟೆಗೆ ಬಂತು. ಕಾವು ತಗ್ಗಿತು. ಔಷಧ ಫಲಿಸಿದ ಮೇಲೆ ಕಾವು ಏಳುವುದೆಲ್ಲಿ ಎಂಬ ಪ್ರಶ್ನೆಯ ಗೊಡವೆಗೆ ಹೆಚ್ಚು ಜನ ಹೋಗಲಿಲ್ಲ.

ಉತ್ತರ ಬೇರೊಂದು ದಾರಿಯಿಂದ ಬರಬೇಕಿತ್ತು. 1921ರಲ್ಲಿ ಆಸ್ಟ್ರಿಯದ ಗ್ರಾಜ್‌ನಲ್ಲಿ ವಿಜ್ಞಾನಿ ಆಟೊ ಲೋವಿ ಒಂದು ಕಪ್ಪೆಯ ಹೃದಯದ ನರವನ್ನು ಕೆಣಕಿ ಬಡಿತ ನಿಧಾನಗೊಳಿಸಿದರು; ಆ ಹೃದಯವನ್ನು ತೋಯಿಸಿದ್ದ ದ್ರವವನ್ನು ಇನ್ನೊಂದು ಹೃದಯಕ್ಕೆ ಸುರಿದಾಗ ಅದರ ಬಡಿತವೂ ನಿಧಾನವಾಯಿತು. ನರಗಳು ರಾಸಾಯನಿಕಗಳ ಮೂಲಕ ಸುದ್ದಿ ಮುಟ್ಟಿಸುತ್ತವೆ ಎಂಬುದಕ್ಕೆ ಅದು ಸಾಕ್ಷಿಯಾಯಿತು. ಅಂಥ ಸಂದೇಶವಾಹಕಗಳಲ್ಲೊಂದಾದ ನ್ಯೂರೋಕೈನಿನ್ ಬಿ 1983ರಲ್ಲಿ ಜಪಾನಿನಲ್ಲಿ, ಹಂದಿಯ ಬೆನ್ನುಹುರಿಯಲ್ಲಿ ಪತ್ತೆಯಾಯಿತು.

ಎರಡು ದಾರಿಗಳೂ ಕೂಡಿದ್ದು ಅಮೆರಿಕದ ಸಂಶೋಧಕಿ ನವೋಮಿ ರಾನ್ಸ್ ಅವರ ಸೂಕ್ಷ್ಮದರ್ಶಕದ ಕೆಳಗೆ. ತೀರಿಕೊಂಡ ಹೆಂಗಸರ ಮಿದುಳಿನ ಹೈಪೋಥಲಾಮಸ್ ಭಾಗವನ್ನು ಅವರು ತೆಳುವಾಗಿ ಸೀಳಿ ನೋಡಿದರು. ವಯಸ್ಸಾದಂತೆ ಮಿದುಳು ಕುಗ್ಗುತ್ತದೆ ಎಂಬುದು ರೂಢಿಯ ತಿಳಿವಳಿಕೆ. ಇಲ್ಲಿ ಮಾತ್ರ, ಮುಟ್ಟು ನಿಂತವರಲ್ಲಿ ಕೆಲವು ನರಕೋಶಗಳು ಉಬ್ಬಿಕೊಂಡಿದ್ದವು. ಅವುಗಳಲ್ಲಿ ನ್ಯೂರೋಕೈನಿನ್ ಬಿ ತಯಾರಿಕೆಯ ಸೂಚನೆ ಹೆಚ್ಚಿರುವುದನ್ನು 1991ರಲ್ಲಿ ಪ್ರಕಟಿಸಿದರು. ಈಸ್ಟ್ರೋಜನ್ ಈ ಕೋಶಗಳಿಗೆ ಕಡಿವಾಣ. ಅಂಡಾಶಯ ಕೆಲಸ ನಿಲ್ಲಿಸಿದಾಗ ಕಡಿವಾಣ ಸಡಿಲಿ, ಅವು ಮೈಯ ಉಷ್ಣತೆ ನಿಯಂತ್ರಿಸುವ ಕೇಂದ್ರವನ್ನು ಕೆರಳಿಸುತ್ತವೆ. ಸೆಕೆಯಿಲ್ಲದಿದ್ದರೂ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ, ಬೆವರು ಸುರಿಯುತ್ತದೆ.

ಈ ಶೋಧ ಔಷಧವಾಗಲು ಮೂರು ದಶಕ ಹಿಡಿಯಿತು. 2002ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು ಈಸ್ಟ್ರೋಜನ್ ಜೊತೆ ಇನ್ನೊಂದು ಹಾರ್ಮೋನ್ ಸೇರಿದ ಜೋಡಿ ಚಿಕಿತ್ಸೆಯಿಂದ ಸ್ತನ ಕ್ಯಾನ್ಸರಿನ ಅಪಾಯ ಹೆಚ್ಚುವುದನ್ನು ತೋರಿಸಿದ ಮೇಲೆ ಲಕ್ಷಾಂತರ ಹೆಂಗಸರು ಮಾತ್ರೆ ಬಿಟ್ಟರು. ಸಿರೊಟೋನಿನ್ ಎಂಬ ಇನ್ನೊಂದು ಸಂದೇಶವಾಹಕದ ಮೇಲೆ ಕೆಲಸ ಮಾಡುವ ಪ್ಯಾರಾಕ್ಸಿಟಿನ್‌ಗೆ ಕಾವು ತಗ್ಗಿಸುವ ಔಷಧವಾಗಿ 2013ರಲ್ಲಿ ಅಲ್ಲಿ ಒಪ್ಪಿಗೆ ದೊರೆಯಿತು. 2015ರಲ್ಲಿ ಲಂಡನ್ನಿನ ಸಂಶೋಧಕರು, ಮುಟ್ಟು ಇನ್ನೂ ನಿಲ್ಲದ ಆರೋಗ್ಯವಂತ ಹೆಂಗಸರ ರಕ್ತನಾಳಕ್ಕೆ ನ್ಯೂರೋಕೈನಿನ್ ಬಿ ಹರಿಸಿದಾಗ ಅವರಿಗೂ ಅದೇ ಕಾವು ಎದ್ದಿತು. ನ್ಯೂರೋಕೈನಿನ್ ಬಿ ಬಂದು ಕೂರುವ ಗ್ರಾಹಕವನ್ನು ತಡೆಯುವ ಫೆಜೊಲಿನೆಟಂಟ್ ಮಾತ್ರೆ 2023ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಮಂಜೂರಾಯಿತು. ಮರುವರ್ಷದ ಡಿಸೆಂಬರಿನಲ್ಲಿ ಯಕೃತ್ತಿನ ಹಾನಿಯ ಬಗ್ಗೆ ಅದರ ಪೊಟ್ಟಣದ ಮಾಹಿತಿಗೆ ಕಟ್ಟೆಚ್ಚರಿಕೆ ಸೇರಿತು; ರಕ್ತಪರೀಕ್ಷೆ ಆದ ಮೇಲೆಯೇ ಮಾತ್ರೆ ಶುರು.