'ನಂಬಿಕೆ' ಎಂಬ ಮಾತು

ದಿನಬಳಕೆಯ ಸಣ್ಣ ಮಾತುಗಳಿಗೂ ದೀರ್ಘವಾದ ಚರಿತ್ರೆಯಿರುವುದುಂಟು. 'ನಂಬಿಕೆ' ಅಂತಹ ಮಾತುಗಳಲ್ಲೊಂದು.

ಇದಕ್ಕೆ ಪ್ರತಿಪದವೆಂದು ನಾವು ಭಾವಿಸುವ ಇಂಗ್ಲಿಷಿನ 'ಬಿಲೀಫ್' ಶಬ್ದವು ಪ್ರೀತಿಯೆಂಬರ್ಥದ ಧಾತುವಿನಿಂದ ಹುಟ್ಟಿದುದು. ಜರ್ಮನ್ ಭಾಷೆಯ 'ಲೀಬೆ' ಅದರ ಬಳಗದ್ದೇ. ಸಂಸ್ಕೃತದ 'ಶ್ರದ್ಧಾ', ಲ್ಯಾಟಿನ್ನಿನ 'ಕ್ರೇದೋ' ಒಂದೇ ಮೂಲದವು. ಹೃದಯವನ್ನಿಡುವುದೆಂಬುದು ಅವುಗಳ ಮೂಲಾರ್ಥವೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಋಗ್ವೇದದ 10ನೆಯ ಮಂಡಲದ 151ನೆಯ ಸೂಕ್ತವು ಶ್ರದ್ಧೆಯನ್ನೇ ದೇವತೆಯೆಂದು ಸ್ತುತಿಸುತ್ತದೆ. ಈಚಿನ ಶತಮಾನಗಳಲ್ಲಾದರೋ 'ಬಿಲೀಫ್' ಎಂದರೆ ಅಭಿಪ್ರಾಯವೆಂಬ ಅರ್ಥವೇ ಮುಂದಾಯಿತು.

ನಮ್ಮ 'ನಂಬು' ಅಚ್ಚ ದ್ರಾವಿಡ ಧಾತು. ತಮಿಳಿನಲ್ಲಿಯೂ 'ನಂಬು', ತೆಲುಗಿನಲ್ಲಿ 'ನಮ್ಮು'. ವರ್ತಕನು ನಂಬಿ ಸಾಲ ಕೊಡುತ್ತಾನೆ. ಒಡೆಯನು ಬೀಗದ ಕೈಯನ್ನು ನಂಬಿಗಸ್ತನಿಗೆ ಒಪ್ಪಿಸುತ್ತಾನೆ. ರೈತನು ಮಳೆಯನ್ನು ನಂಬಿ ಬಿತ್ತುತ್ತಾನೆ. ಇಲ್ಲೆಲ್ಲ ನಂಬುವವನು ತನ್ನದೇನನ್ನೋ ಪಣವಾಗಿಟ್ಟಿರುತ್ತಾನೆ. 12ನೆಯ ಶತಮಾನದ ವಚನಕಾರರು ತಮ್ಮನ್ನೇ ಒಪ್ಪಿಸಿಕೊಳ್ಳುವ ಅರ್ಥದಲ್ಲಿ ಈ ಮಾತನ್ನು ಬಳಸಿದರು.

ದೇವರಿದ್ದಾನೆಂದು ನಂಬುವುದು ಬೇರೆ, ದೇವರನ್ನು ನಂಬುವುದು ಬೇರೆ. ಮೊದಲನೆಯದು ಬುದ್ಧಿಯ ಸಮ್ಮತಿ. ಎರಡನೆಯದು ಬಾಳಿನ ಸಮ್ಮತಿ. ಇಂಗ್ಲಿಷ್ ಕಲಿತ ನಾವು ಮೊದಲನೆಯ ಅರ್ಥವನ್ನಷ್ಟೇ ಹಿಡಿದು, ಹಿರಿಯರ ನಂಬಿಕೆಗಳನ್ನು ತಪ್ಪು ಅಭಿಪ್ರಾಯಗಳ ಪಟ್ಟಿಯಂತೆ ಓದುತ್ತೇವೆ. ತಪ್ಪುಗಳಿದ್ದಲ್ಲಿ ಅವುಗಳನ್ನು ಎಣಿಸಬೇಕಾದುದೇ ಸರಿ. ಆದರೆ ಅವರು ಏನೆಂದು ನಂಬಿದರೆಂಬುದರ ಜತೆಗೆ ಯಾರನ್ನು ನಂಬಿ ಬಾಳಿದರೆಂಬುದನ್ನೂ ಕೇಳಿದಲ್ಲದೆ ಚರಿತ್ರೆಯ ವಿಚಾರಣೆ ಪೂರ್ಣವಾಗದು.