ಕಣಜವನ್ನು ಮರುಳು ಮಾಡುವ ಹೂವು

ಮಕರಂದ ಕುಡಿಯಲು ಬಂದ ದುಂಬಿಗೆ ಪರಾಗ ಅಂಟುತ್ತದೆ, ಅದು ಇನ್ನೊಂದು ಹೂವಿಗೆ ತಲುಪಿದರೆ ಬೀಜವಾಗುತ್ತದೆ. ನಾವೆಲ್ಲ ಶಾಲೆಯಲ್ಲಿ ಕಲಿತದ್ದು ಇಷ್ಟೇ. ಆದರೆ ಮಕರಂದವೇ ಇಲ್ಲದ ಹೂವು ಏನು ಮಾಡುತ್ತದೆ, ನೀವು ಯೋಚಿಸಿದ್ದೀರಾ?

1836ರಲ್ಲಿ ಸಿಡ್ನಿಗೆ ಬಂದಿದ್ದ ಚಾರ್ಲ್ಸ್ ಡಾರ್ವಿನ್ 1862ರಲ್ಲಿ ಆರ್ಕಿಡ್‌ಗಳ ಬಗ್ಗೆ ಪುಸ್ತಕ ಬರೆದರು. ಮಕರಂದವಿದೆ ಎಂದು ತೋರಿಸಿಕೊಂಡು ಹೂವು ಕೀಟಕ್ಕೆ ಮೋಸ ಮಾಡುತ್ತದೆ ಎಂಬುದನ್ನು ಅವರು ನಂಬಲಿಲ್ಲ.

ಅದಕ್ಕಿಂತಲೂ ದೊಡ್ಡ ಮೋಸವನ್ನು ಕಂಡುಹಿಡಿದವರು ಮೆಲ್ಬರ್ನ್‌ನ ಈಡಿತ್ ಕೋಲ್ಮನ್. ಅವರು ಮೊದಲು ಶಾಲಾ ಶಿಕ್ಷಕಿಯಾಗಿದ್ದರು. ನಾಲಿಗೆ ಆರ್ಕಿಡ್ ಎಂಬ ಹೂವಿನೊಳಗೆ ಕಣಜಗಳು ಹಿಮ್ಮುಖವಾಗಿ ಹೋಗುವುದನ್ನು ಅವರು ತಾಳ್ಮೆಯಿಂದ ಗಮನಿಸಿದರು. ಬಂದವೆಲ್ಲ ಗಂಡು ಕಣಜಗಳೇ! ಹೂವನ್ನೇ ಹೆಣ್ಣು ಕಣಜ ಎಂದುಕೊಂಡು ಕೂಡಲು ಬರುತ್ತಿದ್ದವು. ಹೊಟ್ಟೆಯ ತುದಿಗೆ ಅಂಟಿದ ಪರಾಗ ಮುಂದಿನ ಹೂವಿಗೆ ಸೇರುತ್ತಿತ್ತು. 1927ರಲ್ಲಿ ಅವರು ಇದನ್ನು 'ವಿಕ್ಟೋರಿಯನ್ ನ್ಯಾಚುರಲಿಸ್ಟ್' ಪತ್ರಿಕೆಯಲ್ಲಿ ಬರೆದರು. 1949ರಲ್ಲಿ ಆಸ್ಟ್ರೇಲಿಯನ್ ನ್ಯಾಚುರಲ್ ಹಿಸ್ಟರಿ ಮೆಡಾಲಿಯನ್ ಪಡೆದ ಮೊದಲ ಮಹಿಳೆಯಾದರು.

ಆಸ್ಟ್ರೇಲಿಯಾದ ಐದೂ ಜಾತಿಯ ನಾಲಿಗೆ ಆರ್ಕಿಡ್‌ಗಳು ಒಂದೇ ಜಾತಿಯ ಕಣಜವನ್ನು ನಂಬಿಕೊಂಡಿವೆ. ಆ ಕಣಜ ಇಲ್ಲವಾದರೆ ಬೀಜವೂ ಇಲ್ಲ. ನಮ್ಮ ಮಲೆನಾಡಿನ ಸೀತಾಳೆ ಹೂವಿನ ಈ ದೂರದ ನೆಂಟರು ಸಿಡ್ನಿಯ ಸುತ್ತಲಿನ ಕಾಡಲ್ಲೂ ಇದ್ದಾರೆ. ಬೇಸಿಗೆ ರಜೆಯಲ್ಲಿ ಬುಶ್‌ವಾಕ್ ಹೋದಾಗ ಕಂಡರೆ ಕೀಳಬೇಡಿ, ಕಣಜವನ್ನೂ ಓಡಿಸಬೇಡಿ. ಸ್ವಲ್ಪ ಹೊತ್ತು ನಿಂತು ನೋಡಿ.