ಓಪಿಯಾಯ್ಡ್ ಚಿಕಿತ್ಸೆಯಲ್ಲಿರುವವರ ಗಾಂಜಾ ಸೇವನೆ

ಹೆರಾಯಿನ್, ಅಫೀಮು ಅಥವಾ ನೋವುಗುಳಿಗೆಗಳ ಚಟ ಬಿಡಲು ಬ್ಯುಪ್ರೆನಾರ್ಫಿನ್, ಮೆಥಡೋನ್ ಪಡೆಯುವವರಲ್ಲಿ ಕಾಣುವ ಜೊತೆಚಟ. ನಿದ್ದೆಗೇಡು, ತಳಮಳ ತಗ್ಗೀತೆಂದು ಹಲವರು ಗಾಂಜಾ ಸೇದುತ್ತಾರೆ. ಆ ಔಷಧಗಳು ಮಿದುಳಿನ ಓಪಿಯಾಯ್ಡ್ ಗ್ರಾಹಕಗಳನ್ನು ಹಿಡಿದರೆ, ಗಾಂಜಾದ ಅಮಲಿನ ಅಂಶವಾದ ಟಿಎಚ್‌ಸಿ ಕ್ಯಾನಬಿನಾಯ್ಡ್ ಗ್ರಾಹಕಗಳನ್ನು ಹಿಡಿಯುತ್ತದೆ; ಒಂದರ ಮದ್ದು ಇನ್ನೊಂದಕ್ಕೆ ನಾಟದು. ವೈದ್ಯಕೀಯ ಗಾಂಜಾಕ್ಕೆ ಅನುಮತಿಯಿದ್ದ ಅಮೆರಿಕದ ರಾಜ್ಯಗಳಲ್ಲಿ ಓಪಿಯಾಯ್ಡ್ ಸಾವು ಕಡಿಮೆಯೆಂದು 2014ರ ಅಧ್ಯಯನವೊಂದು ಹೇಳಿದಾಗ ಗಾಂಜಾ ನೆರವಾದೀತೆಂಬ ಆಸೆ ಚಿಗುರಿತು. 2017ರವರೆಗಿನ ಅಂಕಿಗಳನ್ನು ಸೇರಿಸಿದ 2019ರ ವಿಶ್ಲೇಷಣೆಯಲ್ಲಿ ಲೆಕ್ಕ ತಿರುವುಮುರುವಾಯಿತು. ಭಾರತದ 2019ರ ರಾಷ್ಟ್ರೀಯ ಸಮೀಕ್ಷೆಯಂತೆ ಗಾಂಜಾ, ಭಂಗಿ ಬಳಸುವವರು ಶೇ. 2.8, ಓಪಿಯಾಯ್ಡ್ ಬಳಸುವವರು ಶೇ. 2.1. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರ ಜಾತ್ರೆಯಲ್ಲಿ ಗಾಂಜಾ ಪ್ರಸಾದವಾದರೂ 1985ರ ಮಾದಕವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಅದು ನಿಷಿದ್ಧ. ಬಿಡಿ ಎಲೆ, ಬೀಜಗಳು ಮಾತ್ರ ಆ ಕಾಯ್ದೆಯ ಗಾಂಜಾ ವ್ಯಾಖ್ಯೆಯ ಹೊರಗೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರವಿದೆ.